ಹೋರಾಟಗಾರನ ಲೆಕ್ಕ, ಭಯೋತ್ಪಾದಕನ ಲೆಕ್ಕ

(ಸ್ವಾತಂತ್ರ್ಯ ದಿನಾಚರಣೆಯ ಪ್ರಯುಕ್ತ ನಡೆದ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ಸರಿಯಾಗಿ ಊಟವನ್ನೂ ಮಾಡದೆ ಕ್ಯಾಂಪ್ ಬಸ್ಸಿನಲ್ಲಿ ಬಂದ ಸಹೋದರರೇ, ತಾಯಂದಿರೇ, ಸಹೋದರಿಯರೇ, ಮಕ್ಕಳೇ,

ಸಂಘದವರು ನಮಗೆ ಕೊಟ್ಟ ವಿಷಯ 'ಸ್ವಾತಂತ್ರ್ಯ ಹೋರಾಟದಲ್ಲಿ ಮುಸ್ಲಿಮರ ಪಾತ್ರ'. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಈ ವಿಷಯದ ಮೇಲೆ ಒಂದು ಭಾಷಣ ಇದ್ದೇ ಇರುತ್ತದೆ. ನಾವು ಹೆಸರುಗಳ ಪಟ್ಟಿ ಓದುತ್ತೇವೆ, ನೀವು ಚಪ್ಪಾಳೆ ತಟ್ಟುತ್ತೀರಿ, ಆಮೇಲೆ ಬಿರಿಯಾನಿ. ಈ ಸಲ ಪಟ್ಟಿ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಅದಕ್ಕೊಂದು ಕಾರಣವಿದೆ. ಮೊದಲು ಅದನ್ನೇ ಹೇಳುತ್ತೇವೆ.

ಕೆಲವು ಸಮಯದ ಹಿಂದೆ ಊರಿನಲ್ಲಿ ಒಂದು ಕೊಲೆಯಾಯಿತು. ಯಾವ ಕೊಲೆ ಅಂತ ಹೆಸರು ಹೇಳುವುದಿಲ್ಲ. ಕರಾವಳಿಯವರಾದ ನಮಗೆ ಹೆಸರು ಬೇಕಾಗುವುದೂ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಆ ರಾತ್ರಿ ನಮಗೆ ಪರಿಚಯದ ಒಬ್ಬ ಹುಡುಗ, ಇಲ್ಲಿಯೇ ಕೆಲಸ ಮಾಡುವವನು, ಇಪ್ಪತ್ತಮೂರು ವರ್ಷ, ತನ್ನ ವಾಟ್ಸಾಪ್ ಸ್ಟೇಟಸ್‌ನಲ್ಲಿ ರಕ್ತಕ್ಕೆ ರಕ್ತ ಅಂತ ಹಾಕಿದ. ಅವನ ಉಮ್ಮ ಊರಿನಿಂದ ನಮಗೆ ಫೋನ್ ಮಾಡಿ ಅತ್ತರು. ಮರುದಿನ ಶುಕ್ರವಾರ. ಜುಮಾ ಮುಗಿಸಿ ಅವನ ರೂಮಿಗೆ ಹೋದೆವು.

ನಾವು ಲೆಕ್ಕ ಬರೆಯುವ ಮಂದಿ. ಗೊತ್ತಿರುವ ದಾರಿಯಲ್ಲೇ ಶುರು ಮಾಡಿದೆವು. ಒಂದು ಕಾಗದ ತೆಗೆದುಕೊಂಡು ಬರೆದೆವು. ಇಬ್ಬರು ತಂಗಿಯರ ಮದುವೆ, ಮನೆಯ ಸಾಲ, ಒಂದು ಕೇಸ್ ಬಿದ್ದರೆ ವಕೀಲರ ಫೀಸು, ಪಾಸ್‌ಪೋರ್ಟ್ ಹೋದರೆ ನಿಲ್ಲುವ ಸಂಬಳ. ಅವನು ಕಾಗದ ನೋಡಲೇ ಇಲ್ಲ. "ದುಡ್ಡಿನ ಲೆಕ್ಕ ಹೇಳ್ಬೇಡಿ ಕಾಕಾ" ಅಂದ. "ಭಗತ್ ಸಿಂಗ್ ಗುಂಡು ಹೊಡೆದದ್ದಲ್ವಾ? ಅಶ್ಫಾಕುಲ್ಲಾ ರೈಲು ದೋಚಿದ್ದಲ್ವಾ? ಅವರ ಫೋಟೋಗೆ ನೀವೇ ಹಾರ ಹಾಕ್ತೀರಿ. ಅವರು ಮಾಡಿದ್ರೆ ಕ್ರಾಂತಿ, ನಾವು ಮಾತಾಡಿದ್ರೆ ಭಯೋತ್ಪಾದನೆಯಾ?"

ಸತ್ಯ ಹೇಳಬೇಕೆಂದರೆ ಆ ಹೊತ್ತಿಗೆ ನಮ್ಮ ಬಾಯಿಯಿಂದ ಉತ್ತರ ಬರಲಿಲ್ಲ. ಚಾಯ ಕುಡಿದು ಎದ್ದು ಬಂದೆವು. ಈ ಭಾಷಣ ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರ. ಅವನೂ ಇಲ್ಲಿ ಎಲ್ಲೋ ಹಿಂದಿನ ಸಾಲಿನಲ್ಲಿ ಕೂತಿರಬಹುದು.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಹೆಸರು ಇಡುವವನು ಯಾವಾಗಲೂ ಅಧಿಕಾರದಲ್ಲಿ ಇರುವವನು. ನಮ್ಮ ಮಂಗಳೂರಿನ ಬಾವುಟಗುಡ್ಡೆಯನ್ನೇ ನೋಡಿ. ನಾವೆಲ್ಲ ಎಷ್ಟು ಸಲ ಆ ದಾರಿಯಲ್ಲಿ ಓಡಾಡಿದ್ದೇವೆ! 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು ಕಂಪೆನಿಯ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದ್ದು ಅಲ್ಲಿ. ಎರಡು ವಾರದೊಳಗೆ ಕಂಪೆನಿ ಸೈನ್ಯ ಬಂದು ಅದನ್ನು ಅಡಗಿಸಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಆಮೇಲೆ ಜನರ ಬಾಯಲ್ಲಿ ಉಳಿದ ಹೆಸರು ಏನು? 'ಕಲ್ಯಾಣಪ್ಪನ ಕಾಟುಕಾಯಿ'. ಅಂದರೆ ದರೋಡೆ, ಕಾಟ. ಇಂದು ಅದನ್ನೇ ಅಮರ ಸುಳ್ಯ ಕ್ರಾಂತಿ ಅನ್ನುತ್ತೇವೆ, ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅದೇ ಗುಡ್ಡೆಯಲ್ಲಿ ನಿಂತಿದೆ.

ಬ್ರಿಟಿಷರು ಬಂಗಾಳದ ಕ್ರಾಂತಿಕಾರಿಗಳ ಮೇಲೆ 1932ರಲ್ಲಿ ಮಾಡಿದ ಕಾನೂನಿನ ಹೆಸರಿನಲ್ಲೇ 'ಟೆರರಿಸ್ಟ್' ಎಂಬ ಪದ ಇತ್ತು. ನೆಲ್ಸನ್ ಮಂಡೇಲಾ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿ, ನೊಬೆಲ್ ಪಡೆದು, ನಿವೃತ್ತರಾದ ಮೇಲೂ 2008ರವರೆಗೆ ಅಮೆರಿಕದ ಭಯೋತ್ಪಾದಕರ ಪಟ್ಟಿಯಲ್ಲಿ ಅವರ ಹೆಸರು ಉಳಿದಿತ್ತು. ಇನ್ನು ಏರ್‌ಪೋರ್ಟಿನಲ್ಲಿ ನಮ್ಮ ಹೆಸರು ಓದಿದ ಕೂಡಲೇ ಬದಿಗೆ ನಿಲ್ಲಿಸುವ ಅನುಭವ ಈ ಸಭೆಯಲ್ಲಿ ಎಷ್ಟೋ ಮಂದಿಗೆ ಆಗಿದೆ. ಆದ್ದರಿಂದ ಹಣೆಪಟ್ಟಿಯನ್ನು ಕಣ್ಣುಮುಚ್ಚಿ ನಂಬಲಿಕ್ಕಾಗುವುದಿಲ್ಲ.

ಆದರೆ ಇದರಿಂದ ಕೆಲವರು ಇನ್ನೊಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಒಬ್ಬನಿಗೆ ಭಯೋತ್ಪಾದಕನಾದವನು ಇನ್ನೊಬ್ಬನಿಗೆ ಹೋರಾಟಗಾರ, ನೋಡುವ ಕಣ್ಣಿನಲ್ಲಿ ಮಾತ್ರ ವ್ಯತ್ಯಾಸ ಅನ್ನುತ್ತಾರೆ. ನಮ್ಮ ಕೆಲಸದಲ್ಲಿ ಹಾಗೆ ಹೇಳಿದರೆ ಮರುದಿನವೇ ಮನೆಗೆ ಕಳಿಸುತ್ತಾರೆ. ಲೆಡ್ಜರಿನ ಮೇಲೆ ಏನು ಹೆಸರು ಬರೆದಿದೆ ಎಂಬುದನ್ನು ಆಡಿಟರ್ ನೋಡುವುದಿಲ್ಲ. ಒಳಗಿನ ಒಂದೊಂದು ವೋಚರ್ ನೋಡುತ್ತಾನೆ. ದುಡ್ಡು ಯಾರಿಗೆ ಹೋಯಿತು? ಸಹಿ ಯಾರದು? ತಪ್ಪು ಎಂಟ್ರಿ ಬಿದ್ದಾಗ ಒಪ್ಪಿಕೊಂಡು ಸರಿಮಾಡಿದರಾ, ಅಥವಾ ಪುಟ ಹರಿದು ಹಾಕಿದರಾ? ಹೋರಾಟವನ್ನೂ ಹಾಗೆಯೇ ಪರೀಕ್ಷಿಸಬಹುದು. ಪೆಟ್ಟು ಯಾರ ಮೇಲೆ ಬಿತ್ತು? ಹೊಣೆ ಯಾರು ಹೊತ್ತರು? ತಪ್ಪಿದಾಗ ಏನು ಮಾಡಿದರು?

ಹುಡುಗ ಹೇಳಿದ ಎರಡು ಹೆಸರುಗಳನ್ನೇ ಮೊದಲು ತೆಗೆದುಕೊಳ್ಳೋಣ.

1925ರ ಆಗಸ್ಟ್ 9, ಲಕ್ನೋ ಹತ್ತಿರದ ಕಾಕೋರಿ. ರಾಮ್ ಪ್ರಸಾದ್ ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್ ಮತ್ತು ಸಂಗಡಿಗರು ರೈಲು ನಿಲ್ಲಿಸಿದರು. ಅವರಿಗೆ ಬೇಕಾದದ್ದು ಗಾರ್ಡ್ ಡಬ್ಬಿಯಲ್ಲಿದ್ದ ಸರಕಾರಿ ಹಣ. ರೈಲಿನ ತುಂಬಾ ಪ್ರಯಾಣಿಕರಿದ್ದರು, ಅವರ ಜೇಬಿಗೆ ಯಾರೂ ಕೈ ಹಾಕಲಿಲ್ಲ. ಆದರೂ ಒಂದು ಜೀವ ಹೋಯಿತು. ತಂಡದವರ ಪಿಸ್ತೂಲಿನಿಂದ ತಪ್ಪಿ ಹಾರಿದ ಗುಂಡು ಒಬ್ಬ ಪ್ರಯಾಣಿಕನಿಗೆ ತಗಲಿತು. ಆ ಮನೆಯವರಿಗೆ ತಪ್ಪಿ ಹಾರಿದ್ದಾದರೇನು, ಗುರಿ ಇಟ್ಟದ್ದಾದರೇನು? ಹೋರಾಟದ ಲೆಕ್ಕದಲ್ಲಿ ಇದು ಖರ್ಚಿನ ಬದಿಯಲ್ಲಿ ಬರೆಯಲೇಬೇಕಾದ ಎಂಟ್ರಿ, ನಾವು ಅದನ್ನು ಮುಚ್ಚಿಡಬಾರದು. ಈ ಯೋಜನೆಯೇ ಬೇಡ, ಕಾಲ ಪಕ್ವವಾಗಿಲ್ಲ ಅಂತ ಮೊದಲು ವಿರೋಧ ಮಾಡಿದವರು ಅಶ್ಫಾಕುಲ್ಲಾ ಎಂಬುದೂ ನಿಮಗೆ ತಿಳಿದಿರಲಿ.

ಸೆರೆ ಸಿಕ್ಕಿದ ಮೇಲೆ ಅವರ ಧರ್ಮವನ್ನೇ ಹಿಡಿದು ಮನಸ್ಸು ಒಡೆಯಲು ನೋಡಿದರು. ಬಿಸ್ಮಿಲ್ ಹಿಂದೂ, ಬರುವ ರಾಜ್ಯ ಹಿಂದೂಗಳದ್ದು, ನಿನಗೇನು ಸಿಗುತ್ತದೆ ಎಂಬ ಮಾತು. ಬಿಸ್ಮಿಲ್ ಆರ್ಯಸಮಾಜದವರು, ಅಶ್ಫಾಕುಲ್ಲಾ ಐದು ಹೊತ್ತು ನಮಾಜ್ ಮಾಡುವವರು. ಅಶ್ಫಾಕುಲ್ಲಾ ಬಾಗಲಿಲ್ಲ. 1927ರ ಡಿಸೆಂಬರ್ 19ರಂದು ಇಬ್ಬರಿಗೂ ಗಲ್ಲಾಯಿತು, ಒಬ್ಬರಿಗೆ ಫೈಜಾಬಾದಿನಲ್ಲಿ, ಇನ್ನೊಬ್ಬರಿಗೆ ಗೋರಖ್‌ಪುರದಲ್ಲಿ. ಅಶ್ಫಾಕುಲ್ಲಾಗೆ ಆಗ 27 ವರ್ಷ.

ಇನ್ನು ಭಗತ್ ಸಿಂಗ್. 1928ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಅವರೂ ಸಂಗಡಿಗರೂ ಸ್ಕಾಟ್ ಎಂಬ ಪೊಲೀಸ್ ಅಧಿಕಾರಿಯನ್ನು ಹೊಡೆಯಲು ಹೊರಟು ಸಾಂಡರ್ಸ್ ಎಂಬ ಬೇರೆ ಅಧಿಕಾರಿಯನ್ನು ಕೊಂದರು. ಬೆನ್ನಟ್ಟಿ ಬಂದ ಚನನ್ ಸಿಂಗ್ ಎಂಬ ಹೆಡ್ ಕಾನ್ಸ್‌ಟೇಬಲ್ ಕೂಡ ಸತ್ತರು. ಅವರೂ ನಮ್ಮ ದೇಶದವರೇ, ಸಂಬಳಕ್ಕೆ ಕೆಲಸ ಮಾಡುತ್ತಿದ್ದವರು. ನಾಲ್ಕು ತಿಂಗಳಿನ ನಂತರ, 1929ರ ಏಪ್ರಿಲ್ 8ರಂದು, ದೆಹಲಿಯ ಅಸೆಂಬ್ಲಿಯಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಬಾಂಬ್ ಎಸೆದಾಗ ಜನ ಇಲ್ಲದ ಜಾಗ ನೋಡಿ ಎಸೆದರು. ಯಾರೂ ಸಾಯಲಿಲ್ಲ. ಓಡಿಹೋಗಲಿಲ್ಲ, ನಿಂತಲ್ಲೇ ಸೆರೆ ಕೊಟ್ಟರು. ಕೋರ್ಟಿನಲ್ಲಿ ಯಾಕೆ ಮಾಡಿದೆವು ಅಂತ ಹೇಳಿದರು. ಜೈಲಿನಲ್ಲಿ ಖೈದಿಗಳ ಹಕ್ಕಿಗಾಗಿ ಉಪವಾಸ ಕೂತರು. ಅದೇ ಉಪವಾಸದಲ್ಲಿ 63ನೇ ದಿನ ಜತೀಂದ್ರನಾಥ ದಾಸ್ ತೀರಿಕೊಂಡರು.

ಗಲ್ಲಿಗೆ ಕೆಲವೇ ವಾರ ಇರುವಾಗ, 1931ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಯುವಕರಿಗೆ ಒಂದು ಪತ್ರ ಬರೆದರು. ತಾನು ಭಯೋತ್ಪಾದಕನಲ್ಲ, ಬಹುಶಃ ಆರಂಭದ ದಿನಗಳಲ್ಲಿ ಹಾಗಿದ್ದಿರಬಹುದು, ಆ ದಾರಿಯಿಂದ ಏನೂ ಸಿಗುವುದಿಲ್ಲ ಎಂಬುದು ಅದರ ಒಟ್ಟು ಅರ್ಥ. ಜನರ ನಡುವೆ ಹೋಗಿ, ರೈತರನ್ನು, ಕಾರ್ಮಿಕರನ್ನು ಸಂಘಟಿಸಿ ಎಂದೂ ಅದರಲ್ಲಿ ಹೇಳಿದ್ದರು. ಯಾರಾದರೂ ಒತ್ತಾಯ ಮಾಡಿ ಬರೆಸಿದ್ದಲ್ಲ. 23 ವರ್ಷದ ಒಬ್ಬ ಯುವಕ ತನ್ನ ಜೀವನದ ಲೆಕ್ಕವನ್ನು ತಾನೇ ಆಡಿಟ್ ಮಾಡಿಕೊಂಡದ್ದು. ಮೋನೇ, ನಿನಗೂ ಈಗ ಅದೇ ವಯಸ್ಸು. ನೀನು ಸ್ಟೇಟಸ್‌ಗೆ ಹಾಕುವ ಭಗತ್ ಸಿಂಗ್ ಕೈಯಲ್ಲಿ ಪಿಸ್ತೂಲು ಇದೆ. ಕೊನೆಯ ಎರಡು ವರ್ಷ ಅವರ ಕೈಯಲ್ಲಿ ಇದ್ದದ್ದು ಪುಸ್ತಕ ಮತ್ತು ಪೆನ್ನು.

ಸಹೋದರರೇ, ಈಗ ಇನ್ನೊಬ್ಬರ ಕಥೆ. ಇದು ಹಿಂದೂಸ್ಥಾನದ್ದಲ್ಲ, ಅಲ್ಜೀರಿಯದ್ದು. ಆದರೆ ಹೆಸರು ನಮಗೆ ತೀರಾ ಹತ್ತಿರದ್ದು. ಅಬ್ದುಲ್ ಖಾದರ್. ನಮ್ಮಲ್ಲಿ ಮನೆಗೊಬ್ಬ ಅಬ್ದುಲ್ ಖಾದರ್ ಇದ್ದಾರೆ. ನಮ್ಮ ಅಜ್ಜಂದಿರು ಮುಹಿಯುದ್ದೀನ್ ಶೇಖರ ಮೇಲಿನ ಪ್ರೀತಿಯಿಂದ ಆ ಹೆಸರಿಟ್ಟರು. ಅಲ್ಜೀರಿಯದ ಈ ಅಬ್ದುಲ್ ಖಾದರರ ತಂದೆಯ ಹೆಸರು ಮುಹಿಯುದ್ದೀನ್, ಖಾದಿರಿಯ್ಯ ತ್ವರೀಕತಿನ ಗುರುಗಳು.

1830ರಲ್ಲಿ ಫ್ರಾನ್ಸ್ ಅಲ್ಜೀರಿಯಕ್ಕೆ ದಂಡೆತ್ತಿ ಬಂತು. 1832ರಲ್ಲಿ ಅಲ್ಲಿನ ಪಶ್ಚಿಮ ಭಾಗದ ಗೋತ್ರಗಳು ಸೇರಿ ಇಪ್ಪತ್ತನಾಲ್ಕರ ಈ ಯುವಕನನ್ನು ಅಮೀರರನ್ನಾಗಿ ಮಾಡಿದವು. ಹದಿನೈದು ವರ್ಷ ಯುರೋಪಿನ ಅತಿ ದೊಡ್ಡ ಸೈನ್ಯಗಳಲ್ಲಿ ಒಂದರ ಎದುರು ಅವರು ನಿಂತರು. ಯುದ್ಧ ಮಾತ್ರ ಮಾಡಿದ್ದಲ್ಲ. ತೆರಿಗೆ, ನ್ಯಾಯಾಲಯ, ನಾಣ್ಯ ಎಲ್ಲ ಇರುವ ಒಂದು ಆಡಳಿತ ಕಟ್ಟಿದರು. 1834ರಲ್ಲಿ, 1837ರಲ್ಲಿ ಫ್ರೆಂಚರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಶತ್ರುವಿನ ಜೊತೆ ಮೇಜಿನ ಎದುರು ಕೂರಲು ಸಿದ್ಧವಿದ್ದ ಮನುಷ್ಯ.

ಆ ಕಾಲದಲ್ಲಿ ಅಲ್ಲಿ ಶತ್ರುವಿನ ತಲೆ ಕಡಿದು ತಂದವನಿಗೆ ಹಣ ಕೊಡುವ ಪದ್ಧತಿ ಇತ್ತು. ಅಮೀರ್ ಅದನ್ನು ನಿಲ್ಲಿಸಿ, ಖೈದಿಯನ್ನು ಜೀವಂತ ತಂದವನಿಗೆ ಹಣ ಅಂತ ಮಾಡಿದರು. 1841ರಲ್ಲಿ ಅಲ್ಜಿಯರ್ಸ್‌ನ ಬಿಷಪ್ ದ್ಯುಪುಷ್ ಜೊತೆ ಪತ್ರವ್ಯವಹಾರ ಮಾಡಿ ಖೈದಿಗಳ ವಿನಿಮಯ ನಡೆಸಿದರು. ಎದುರಾಳಿ ಹೇಗಿದ್ದರು ಎಂಬುದನ್ನೂ ಕೇಳಿ. 1845ರಲ್ಲಿ ದಹ್ರಾ ಎಂಬಲ್ಲಿ ಗುಹೆಯಲ್ಲಿ ಅಡಗಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳು ಸಹಿತ, ಬಾಗಿಲಲ್ಲಿ ಬೆಂಕಿ ಹಾಕಿ ಹೊಗೆಯಲ್ಲಿ ಉಸಿರುಗಟ್ಟಿಸಿ ಕೊಂದದ್ದು ಫ್ರೆಂಚ್ ಸೈನ್ಯ. ಯೂನಿಫಾರ್ಮ್ ಹಾಕಿದ ಮಾತ್ರಕ್ಕೆ ಭಯೋತ್ಪಾದನೆ ಬೇರೆ ಏನೋ ಆಗಿಬಿಡುವುದಿಲ್ಲ.

ಇವರ ಲೆಕ್ಕದಲ್ಲೂ ಒಂದು ಕಪ್ಪು ಎಂಟ್ರಿ ಇದೆ. 1846ರಲ್ಲಿ, ಅಮೀರ್ ದೂರದಲ್ಲಿದ್ದಾಗ, ಅವರ ಪಾಳೆಯದಲ್ಲಿ ನೂರಕ್ಕೂ ಹೆಚ್ಚು ಫ್ರೆಂಚ್ ಖೈದಿಗಳನ್ನು ಕೊಂದರು. ಆಜ್ಞೆ ಯಾರದು ಎಂಬ ಬಗ್ಗೆ ಚರ್ಚೆ ಇದೆ. ಯಾರದೇ ಆಗಲಿ, ಅವರ ಪಾಳೆಯದಲ್ಲಿ ನಡೆದದ್ದು. ಅಭಿಮಾನದಿಂದ ಇದನ್ನು ಬಿಟ್ಟು ಹೇಳಿದರೆ ನಮ್ಮ ಲೆಕ್ಕವೇ ಸುಳ್ಳಾಗುತ್ತದೆ.

1847ರ ಡಿಸೆಂಬರ್‌ನಲ್ಲಿ, ಇನ್ನು ಯುದ್ಧ ಮಾಡಿದರೆ ಜನರ ಸಾವು ಮಾತ್ರ ಅಂತ ಕಂಡಾಗ, ಅವರು ಶರಣಾದರು. ಪೂರ್ವದ ಮುಸ್ಲಿಂ ನಾಡಿಗೆ ಕಳಿಸುತ್ತೇವೆ ಎಂದು ಫ್ರೆಂಚರು ಮಾತು ಕೊಟ್ಟಿದ್ದರು. ಮಾತಿಗೆ ತಪ್ಪಿ ಐದು ವರ್ಷ ಫ್ರಾನ್ಸಿನಲ್ಲಿ ಸೆರೆ ಇಟ್ಟರು. ಆ ಚಳಿಯಲ್ಲಿ ಪರಿವಾರದ ಹಲವರು, ಮಕ್ಕಳು ಸಹಿತ, ಸತ್ತು ಅಲ್ಲಿಯೇ ಮಣ್ಣಾದರು. 1852ರಲ್ಲಿ ಬಿಡುಗಡೆ. 1855ರಿಂದ ಡಮಾಸ್ಕಸ್‌ನಲ್ಲಿ ನೆಲೆ. ಅವರೂ ನಮ್ಮ ಹಾಗೆ ಪರದೇಶಿ ಅನ್ನಿ, ಊರು ಬಿಟ್ಟು ಬಂದವರು.

ಈಗ 1860ರ ಜುಲೈಗೆ ಬನ್ನಿ. ಲೆಬನಾನಿನ ಬೆಟ್ಟಗಳಲ್ಲಿ ಶುರುವಾದ ಕೋಮುಗಲಭೆ ಡಮಾಸ್ಕಸ್ ತಲುಪಿತು. ಕ್ರೈಸ್ತರ ಕೇರಿಗೆ ಬೆಂಕಿ ಬಿತ್ತು. ಸಾವಿರಾರು ಜನ ಸತ್ತರು. ಅಮೀರ್ ಅಬ್ದುಲ್ ಖಾದರರ ಜಾಗದಲ್ಲಿ ನಿಂತು ಯೋಚಿಸಿ. ಕ್ರೈಸ್ತ ಫ್ರಾನ್ಸ್ ನಿಮ್ಮ ದೇಶ ಕಿತ್ತುಕೊಂಡಿದೆ, ಮಾತಿಗೆ ತಪ್ಪಿದೆ, ನಿಮ್ಮ ಮಕ್ಕಳನ್ನು ಮಣ್ಣು ಮಾಡಿಸಿದೆ. ಈಗ ಊರು ತುಂಬಾ ಜನ ಕ್ರೈಸ್ತರನ್ನು ಕೊಲ್ಲುತ್ತಿದ್ದಾರೆ. ನೀವು ಏನೂ ಮಾಡಬೇಕಾಗಿಲ್ಲ, ಬಾಗಿಲು ಹಾಕಿ ಒಳಗೆ ಕೂತರೆ ಸಾಕು.

ಅವರು ಬಾಗಿಲು ತೆರೆದರು. ತಮ್ಮ ಅಲ್ಜೀರಿಯನ್ ಬಂಟರ ಜೊತೆ ಉರಿಯುವ ಕೇರಿಗೆ ಹೋಗಿ ಜನರನ್ನು ಹೊರಗೆ ತಂದರು. ಮನೆ ತುಂಬಿದಾಗ ಕೋಟೆಗೆ ಸಾಗಿಸಿದರು. ಫ್ರಾನ್ಸಿನ ಕಾನ್ಸಲ್‌ಗೂ ಅದೇ ಮನೆಯಲ್ಲಿ ಆಸರೆ. ಕ್ರೈಸ್ತರೊಬ್ಬರನ್ನು ಜೀವಂತ ತಂದೊಪ್ಪಿಸಿದವನಿಗೆ ತಲಾ ಇಷ್ಟು ಹಣ ಅಂತ ಸಾರಿದರು. ಗುಂಪು ಬಾಗಿಲಿಗೆ ಬಂದು ಅವರನ್ನು ಒಪ್ಪಿಸು ಅಂದಾಗ ಎದುರು ನಿಂತರು. ಸಾವಿರಾರು ಜೀವ ಉಳಿಯಿತು. ನಂತರ ಫ್ರಾನ್ಸ್ ತನ್ನ ಅತಿ ದೊಡ್ಡ ಗೌರವ ಕೊಟ್ಟಿತು, ಅಮೆರಿಕದ ಲಿಂಕನ್ ಒಂದು ಜೊತೆ ಪಿಸ್ತೂಲು ಕಳಿಸಿದರು. ಅಮೀರ್ ಮಾತ್ರ, ನನ್ನ ಧರ್ಮವೂ ಮನುಷ್ಯತ್ವವೂ ಹೇಳಿದ್ದನ್ನು ಮಾಡಿದೆ ಎಂಬರ್ಥದಲ್ಲಿ ಒಬ್ಬ ಬಿಷಪ್‌ಗೆ ಬರೆದರು.

ಎರಡು ಎಂಟ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯುದ್ಧದಲ್ಲಿ ಶತ್ರುವನ್ನು ಜೀವಂತ ತಂದವನಿಗೆ ಹಣ. ಗಲಭೆಯಲ್ಲಿ ನೆರೆಯವನನ್ನು ಜೀವಂತ ತಂದವನಿಗೆ ಹಣ. ನಡುವೆ ಸುಮಾರು ಇಪ್ಪತ್ತು ವರ್ಷ, ಸೋಲು, ಸೆರೆ, ಮೋಸ. ಆದರೂ ಮನುಷ್ಯ ಬದಲಾಗಲಿಲ್ಲ.

ಈ ನಿಯಮ ಅವರು ಹೊಸದಾಗಿ ಮಾಡಿದ್ದಲ್ಲ. ಸೈನ್ಯ ಕಳಿಸುವಾಗ ಹಝ್ರತ್ ಅಬೂಬಕರ್(ರ) ಕೊಟ್ಟ ಸೂಚನೆಗಳನ್ನು ಮದ್ರಸದಲ್ಲಿ ನಾವು ಕಲಿತಿದ್ದೇವೆ. ಹೆಂಗಸರು, ಮಕ್ಕಳು, ಮುದುಕರ ಮೇಲೆ ಕೈ ಮಾಡಬೇಡಿ. ಹಣ್ಣಿನ ಮರ ಕಡಿಯಬೇಡಿ. ಮಠಗಳಲ್ಲಿ ಆರಾಧನೆಯಲ್ಲಿ ಇರುವವರನ್ನು ಅವರ ಪಾಡಿಗೆ ಬಿಡಿ. ಯುದ್ಧಕ್ಕೆ ಹೊರಟವನಿಗೇ ಇಷ್ಟು ಬೇಲಿ ಇದ್ದರೆ, ಸಂತೆಯಲ್ಲಿ ಬಾಂಬ್ ಇಡುವವನಿಗೆ ಈ ದೀನಿನಲ್ಲಿ ಜಾಗ ಎಲ್ಲಿದೆ?

ಭಯೋತ್ಪಾದಕನ ಲೆಕ್ಕ ಇದರ ಪೂರ್ತಿ ಉಲ್ಟಾ. ಅವನಿಗೆ ಬೇಕಾದದ್ದು ತಪ್ಪು ಮಾಡಿದವನಲ್ಲ, ಸುಲಭವಾಗಿ ಸಿಗುವವನು. ಬಸ್ಸಿನಲ್ಲಿ ಕೂತವನು, ಅಂಗಡಿ ಮುಚ್ಚಿ ಮನೆಗೆ ಹೋಗುವವನು, ಪ್ರಾರ್ಥನೆಗೆ ಬಂದವನು. ಅವರು ಏನೂ ಮಾಡಿಲ್ಲ ಎಂಬುದೇ ಅವನಿಗೆ ಅನುಕೂಲ. ಏನೂ ಮಾಡದವನು ಸತ್ತರೆ ತಾನೇ ಎಲ್ಲರಿಗೂ ಹೆದರಿಕೆ ಹುಟ್ಟುವುದು?

ಈಗ ನಮ್ಮ ಕರಾವಳಿಗೆ ಬನ್ನಿ. ಒಂದು ಕೊಲೆಗೆ ಇನ್ನೊಂದು ಕೊಲೆ ಅಂತ ಹೊರಡುವವನು ಕೊಂದವನನ್ನು ಹುಡುಕುತ್ತಾನಾ? ಇಲ್ಲ. ಆ ಕಡೆಯ ಹೆಸರಿರುವ, ರಾತ್ರಿ ಒಂಟಿಯಾಗಿ ಸಿಕ್ಕುವ ಒಬ್ಬನನ್ನು ಹುಡುಕುತ್ತಾನೆ. ಹೆಚ್ಚಾಗಿ ಅವನೂ ದಿನಗೂಲಿಯವನೇ. ನಮ್ಮ ಕಡೆಯವನು ಸತ್ತಾಗಲೂ ನಡೆದದ್ದು ಇದೇ ಅಲ್ಲವೇ? ಅವನ ತಪ್ಪು ಅವನ ಹೆಸರು ಮಾತ್ರ. ಯಾವ ಅನ್ಯಾಯ ನಮ್ಮ ಎದೆ ಸುಟ್ಟಿತೋ ಅದನ್ನೇ ಇನ್ನೊಂದು ಮನೆಯ ಬಾಗಿಲಿಗೆ ಮುಟ್ಟಿಸುವುದಕ್ಕೆ ಕ್ರಾಂತಿ ಅನ್ನುವ ಹೆಸರಿಲ್ಲ. ಯಾರು ಮಾಡಿದರೂ, ಯಾವ ಬಣ್ಣದ ಶಾಲು ಹೊದ್ದರೂ ಇಲ್ಲ.

ಅಂದು ಆ ಹುಡುಗ ಇನ್ನೊಂದು ಮಾತು ಕೇಳಿದ್ದ. "ಹಾಗಾದ್ರೆ ಸುಮ್ನೆ ಕೂರ್ಬೇಕಾ? ನೀವು ಇಷ್ಟು ವರ್ಷ ಕೂತು ಏನು ಸಿಕ್ಕಿತು?" ಇದು ನ್ಯಾಯವಾದ ಪ್ರಶ್ನೆ. ಸುಮ್ಮನೆ ಕೂರಿ ಅಂತ ನಾವು ಹೇಳುವುದಿಲ್ಲ. ಆದರೆ ಹೋರಾಟ ಅಂದರೆ ಏನು ಅಂತ ಖರ್ಚಿನ ಪಟ್ಟಿಯಲ್ಲೇ ಹೇಳುತ್ತೇವೆ. ಕೊಲೆಯಾದವನ ಹೆಂಡತಿಗೆ ತಿಂಗಳ ಅಕ್ಕಿ ಸಾಮಾನು. ಮಕ್ಕಳ ಸ್ಕೂಲ್ ಫೀಸು. ವರ್ಷಗಟ್ಟಲೆ ನಡೆಯುವ ಕೇಸಿಗೆ ಒಳ್ಳೆಯ ವಕೀಲ. ಸಾಕ್ಷಿ ಹೇಳುವವನು ಹೆದರಿ ಹಿಂದೆ ಸರಿಯದ ಹಾಗೆ ಅವನ ಜೊತೆ ಕೋರ್ಟಿಗೆ ಹೋಗುವ ನಾಲ್ಕು ಜನ, ಅವರ ಬಸ್ ಚಾರ್ಜ್. ಗಲಾಟೆ ಬಿಸಿ ಆಗುವ ಮೊದಲೇ ಆ ಕಡೆಯ ಹಿರಿಯರಿಗೆ ಫೋನ್ ಮಾಡುವಷ್ಟು ಪರಿಚಯ. ಇದರಲ್ಲಿ ಸ್ಟೇಟಸ್ ಹಾಕುವಂಥದ್ದು ಏನೂ ಇಲ್ಲ. ಹತ್ತು ವರ್ಷ ಹಿಡಿಯುತ್ತದೆ. ಕೆಲವೊಮ್ಮೆ ಕೋರ್ಟಿನಲ್ಲಿ ಸೋಲೂ ಆಗುತ್ತದೆ. ರಕ್ತಕ್ಕೆ ರಕ್ತ ಅನ್ನುವವರಲ್ಲಿ ಎಷ್ಟು ಮಂದಿ ಎರಡನೇ ವರ್ಷವೂ ಆ ವಿಧವೆಗೆ ಹಣ ಕಳಿಸಿದ್ದಾರೆ ಅಂತ ನಾವು ಒಮ್ಮೆ ನಮ್ಮನ್ನೇ ಕೇಳಿಕೊಳ್ಳಬೇಕು. ಇಲ್ಲಿ ನಮ್ಮ ಸಂಘದ್ದೂ ತಪ್ಪಿದೆ. ಮೊದಲ ತಿಂಗಳು ಓಡೋಡಿ ಚೆಕ್ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ, ಆಮೇಲೆ ಮರೆಯುತ್ತೇವೆ. ಹುಡುಗರ ಸಿಟ್ಟಿಗೆ ದಾರಿ ಇಲ್ಲದಂತೆ ಮಾಡಿದವರಲ್ಲಿ ನಾವು ಹಿರಿಯರೂ ಇದ್ದೇವೆ.

ಕೊನೆಗೆ, ದುಡಿಯಲು ಬಂದ ನಮಗೆ ಎರಡು ಮಾತು. ಯಾವುದೋ ನಾಡಿನ ಹೋರಾಟ ಅಂತ ಹೇಳಿ ರೂಮಿಗೆ ಬಂದು ಚಂದಾ ಕೇಳಿದರೆ ಕೊಡಬೇಡಿ. ಅನುಮತಿ ಇಲ್ಲದ ಚಂದಾ ಇಲ್ಲಿನ ಕಾನೂನಿಗೆ ವಿರುದ್ಧ. ರಶೀದಿ ಕೊಡಲಾಗದ, ಯಾರಿಗೆ ಹೋಯಿತು ಎಂದು ಹೇಳಲಾಗದ ಹಣದ ಕೊನೆ ಎಲ್ಲಿ ಅಂತ ನಮಗೆ ತಿಳಿಯುವುದೇ ಇಲ್ಲ. ಹಾಗೆಯೇ ಕೊಲೆಯ ವಿಡಿಯೋ, ಸೇಡಿನ ಆಡಿಯೋ ಬಂದರೆ ಅದು ನಿಮ್ಮ ಫೋನಿನಲ್ಲೇ ಸಾಯಲಿ. ನೀವು ಮುಂದೆ ಕಳಿಸಿದ್ದನ್ನು ಊರಿನಲ್ಲಿ ಯಾರೋ ಹದಿನೇಳರ ಹುಡುಗ ನಿಜವೆಂದು ಹಿಡಿದುಕೊಳ್ಳುತ್ತಾನೆ. ನೀವು ಇಲ್ಲಿ ಎಸಿಯಲ್ಲಿ ಮಲಗಿರುತ್ತೀರಿ, ಜೈಲಿಗೆ ಹೋಗುವವನು ಅವನು.

ಆ ಹುಡುಗನ ಸ್ಟೇಟಸ್ ಮರುದಿನ ಇರಲಿಲ್ಲ. ತಾನೇ ತೆಗೆದನೋ, ಇಪ್ಪತ್ತನಾಲ್ಕು ಗಂಟೆ ಕಳೆದು ಹೋಯಿತೋ ಗೊತ್ತಿಲ್ಲ. ಮೋನೇ, ನೀನು ಇಲ್ಲಿದ್ದರೆ ಕಾರ್ಯಕ್ರಮ ಮುಗಿದ ಮೇಲೆ ಬಂದು ಮಾತಾಡು. ಆ ಕೊಲೆಯಾದವನ ಮನೆಗೆ ತಿಂಗಳು ತಿಂಗಳು ಹಣ ಕಳಿಸುವ ಒಂದು ಪುಸ್ತಕ ಇವತ್ತೇ ಶುರು ಮಾಡುವ ಅಂತ ಇದ್ದೇವೆ. ಬರೆದು ಇಡಲಿಕ್ಕೆ ಜನ ಬೇಕು. ಲೆಕ್ಕ ಹೇಗೆ ಬರೆಯುವುದು ಅಂತ ನಾವು ಕಲಿಸುತ್ತೇವೆ.

ಅನ್ಯಾಯದ ಎದುರು ನಿಲ್ಲುವ ಧೈರ್ಯವನ್ನೂ, ನಿಂತಾಗ ಅನ್ಯಾಯ ಮಾಡದಿರುವ ಬುದ್ಧಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.

ಜೈ ಹಿಂದ್. ವಸ್ಸಲಾಮು ಅಲೈಕುಂ.